ಕೆಳಮನೆ ಮಾವನಿಗೆ ಅಂಗಿ ಬೇಡ

ಜೂನ್ ೪

ಅಚ್ಚುಮನೆಯ ಮೈದುನ ಮಹಾರಾಯನಿಗೆ,

ಅತ್ತಿಗೆಯ ಆಶೀರ್ವಾದ. ಈ ಕಾಗದದ ಹಿಂಬದಿ ನೋಡಬೇಡ. ಹೋದ ವರ್ಷ ನೀನೇ ಕೆಡಿಸಿದ ಕಪ್ಪೆ ಪುಸ್ತಕದ ಕರಡು ಅದು, ಕಪ್ಪೆ ನೀಲಿಯಾಗಿದೆ. ಹಾಳಾದ ಹಾಳೆಯನ್ನೂ ಹಾಳು ಮಾಡಬಾರದೆಂಬುದು ನನ್ನ ಹಠ. ಫೋನ್ ಮಾಡಬಹುದಿತ್ತು. ಆದರೆ ಮೆಷಿನ್ ಸದ್ದಿನಲ್ಲಿ ನಿನಗೆ ನನ್ನ ಮಾತು ಕೇಳಿಸುವುದಿಲ್ಲ, ಕೇಳಿಸಿದ್ದನ್ನೂ ಕೇಳಿಸಲಿಲ್ಲ ಎನ್ನುತ್ತೀಯ. ಬರೆದದ್ದಕ್ಕೆ ಹಾಗೆನ್ನಲಾಗದು.

ಎರೆಹುಳದ ಪುಸ್ತಕ ಮುಗಿಯಿತು. ಹೆಸರು ‘ಕೆಳಮನೆ ಮಾವ’. ನಮ್ಮ ಕಾಲ ಕೆಳಗಿನ ಮನೆಯಲ್ಲಿ ಬಾಡಿಗೆ ಕೊಡದೆ ಇದ್ದುಕೊಂಡು, ಇಡೀ ಲೋಕದ ಮನೆಗೆಲಸ ಮಾಡುವ ಮಾವ. ನಿಮ್ಮಣ್ಣ ಚಿತ್ರ ಮುಗಿಸಿ ಬೆನ್ನುನೋವೆಂದು ಮಲಗಿದ್ದಾರೆ. ಬೆನ್ನುಮೂಳೆಯೇ ಇಲ್ಲದ ಪ್ರಾಣಿಯನ್ನು ಬರೆದು ಬೆನ್ನುನೋವು ತರಿಸಿಕೊಂಡವರು ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ಈಗ ಕೆಲಸದ ಮಾತು. ಹಳೇ ಕಾಗದವನ್ನು ಅರೆದು ಮಾಡಿದ ಕಾಗದ, ಬಿಳುಪು ಹಾಕದ್ದು. ಗಿಡದೆಣ್ಣೆಯ ಶಾಯಿ. ದಾರದ ಹೊಲಿಗೆ. ಮುಖಪುಟಕ್ಕೆ ಲ್ಯಾಮಿನೇಷನ್ ಕೂಡದು, ಕಟ್ಟಿ ಕಳಿಸುವಾಗಲೂ ಪ್ಲಾಸ್ಟಿಕ್ ಚೀಲ ಕೂಡದು. ಕೊನೆಯ ಪುಟದಲ್ಲಿ ಮಾವ ಹೇಳುತ್ತಾನೆ: ‘ಎಲೆ ಕೊಡಿ, ತಿನ್ನುತ್ತೇನೆ. ಸಗಣಿ ಕೊಡಿ, ತಿನ್ನುತ್ತೇನೆ. ಪ್ಲಾಸ್ಟಿಕ್ ಕೊಟ್ಟರೆ ಮಾತ್ರ ಬಾಯಿ ತೆರೆಯುವುದಿಲ್ಲ.’ ಹೀಗೆನ್ನುವ ಪುಸ್ತಕಕ್ಕೇ ಪ್ಲಾಸ್ಟಿಕ್ ಹೊದಿಸಿದರೆ ಮಕ್ಕಳ ಮುಂದೆ ನಾನು ಹೇಗೆ ಬಾಯಿ ತೆರೆಯಲಿ?

ಶಾಲೆಗಳ ಗ್ರಂಥಾಲಯಗಳಿಗೆಲ್ಲ ಪುಸ್ತಕ ಆರಿಸುವ ದೊಡ್ಡ ಮೇಡಂ ಒಂದು ಪಂಥ ಒಡ್ಡಿದ್ದಾರೆ. ‘ಲ್ಯಾಮಿನೇಷನ್ ಇಲ್ದಿರೋ ಪುಸ್ತಕ ಮಕ್ಕಳ ಕೈಲಿ ಬಾಳಲ್ಲ ಕಣ್ರೀ. ಒಂದು ಶಾಲೆಗೆ ಕೊಟ್ಟು ನೋಡಿ. ಅರ್ಧ ವರ್ಷದ ರಜೆ ಹೊತ್ತಿಗೆ ಹತ್ತರಲ್ಲಿ ಎಂಟು ನೆಟ್ಟಗೆ ಉಳಿದಿದ್ರೆ, ನಿಮ್ಮ ಮುಂದಿನ ನಾಲ್ಕೂ ಪುಸ್ತಕ ಎಲ್ಲಾ ಶಾಲೆಗೂ ತಗೋತೀನಿ. ಇಲ್ದಿದ್ರೆ ಪ್ಲಾಸ್ಟಿಕ್ ಹಾಕಿಸ್ಕೊಂಡು ಬನ್ನಿ, ಇಲ್ಲಾ ಬರಲೇಬೇಡಿ’ ಎಂದರು. ಒಪ್ಪಿಕೊಂಡು ಬಂದೆ. ಸೋತರೆ ಈ ಪ್ರಕಾಶನದ ಪ್ರಕಾಶ ಆರಿತೆಂದೇ ತಿಳಿ. ಕಪ್ಪೆ ಪುಸ್ತಕದ ಕಟ್ಟುಗಳೇ ಇನ್ನೂ ಮಂಚದ ಕೆಳಗೆ ವಟಗುಟ್ಟುತ್ತಿವೆ. ಆದರೆ ನಾನು ಸೋಲುವವಳಲ್ಲ.

ನಿನ್ನ ಅತ್ತಿಗೆ

ಜೂನ್ ೧೧

ಅತ್ತಿಗೆಯವರ ಪಾದಗಳಿಗೆ, ಅವುಗಳ ಕೆಳಗಿರುವ ಮಾವನಿಗೂ, ನಮಸ್ಕಾರ.

ಕಪ್ಪೆ ನೀಲಿಯಾದದ್ದು ಚಳಿಗೆ. ನನ್ನ ತಪ್ಪಲ್ಲ.

ನೀವು ಹೇಳಿದ್ದನ್ನೆಲ್ಲ ಮಾಡುತ್ತೇನೆ, ಆದರೆ ಗೊಣಗಿಕೊಂಡು ಮಾಡುತ್ತೇನೆ. ಪದರವಿಲ್ಲದ ಪುಸ್ತಕಕ್ಕೆ ಆದರವಿಲ್ಲ, ಇದು ನಮ್ಮ ವ್ಯಾಪಾರದ ಮೊದಲ ಪಾಠ. ಆರು ವರ್ಷದ ಮಗುವಿನ ಕೈ ಎಂದರೇನೆಂದು ನಿಮಗೆ ಗೊತ್ತೇ? ನಮ್ಮ ಮನೆಯಲ್ಲಿ ಅಂಥವು ಎರಡು ಜೊತೆ ಇವೆ. ತೊಳೆದು ಒರೆಸುವಷ್ಟರಲ್ಲಿ ಎಲ್ಲಿಂದಲೋ ಜಾಮು ಬಂದಿರುತ್ತದೆ. ಅಂಥ ಕೈಗಳ ನಡುವೆ ಮಾವನನ್ನು ಬರಿಮೈಯಲ್ಲಿ ಕಳಿಸುತ್ತೀರಲ್ಲ, ಒಂದು ತೆಳು ಅಂಗಿಯಾದರೂ ಬೇಡವೇ?

ನನ್ನವಳು ಬಾಗಿಲಲ್ಲಿ ನಿಂತು ‘ಅಕ್ಕನ ಹತ್ರ ವಾದ ಮಾಡ್ಬೇಡಿ, ಸೋಲ್ತೀರಿ, ಆಮೇಲೆ ಮುಖ ಊದಿಸ್ಕೊಂಡು ಊಟ ಬಿಡ್ತೀರಿ’ ಎನ್ನುತ್ತಿದ್ದಾಳೆ. ಸೋತಿದ್ದೇನೆ. ಊಟ ಬಿಟ್ಟಿಲ್ಲ.

ತಮಾಷೆ ಬದಿಗಿಡುತ್ತೇನೆ. ಈ ಪ್ರಕಾಶನ ನಿಂತರೆ ಅಣ್ಣ ಮತ್ತೆ ಅಂಗಡಿಗಳ ಬೋರ್ಡು ಬರೆಯಲು ಏಣಿ ಹತ್ತಬೇಕಾಗುತ್ತದೆ. ಒಂದು ಸಲ ಬಿದ್ದದ್ದು ಸಾಕು. ಅದನ್ನು ನೆನೆದರೆ ನನಗೆ ನಿಮ್ಮ ಹಠದ ಮೇಲೆ ಸಿಟ್ಟೇ ಬರುತ್ತದೆ.

ಅಂದಹಾಗೆ ಯಾವ ಶಾಲೆ? ಅಲ್ಲಿ ಪುಸ್ತಕ ನೋಡಿಕೊಳ್ಳುವವರು ಯಾರು? ಸುಮ್ಮನೆ ಕೇಳಿದೆ.

ನಿಮ್ಮ ಮೈದುನ

ಜುಲೈ ೨

ಮೈದುನನಿಗೆ,

ಪುಸ್ತಕ ಬಂತು. ನಿನ್ನನ್ನು ಹೊಗಳಿದರೆ ಉಬ್ಬಿ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೀಯ, ಆದರೂ ಹೇಳುತ್ತೇನೆ: ಚೆನ್ನಾಗಿದೆ. ಮಣ್ಣಿನ ಬಣ್ಣ ಮಣ್ಣಿನದೇ. ಮುಖಪುಟ ಸವರಿದರೆ ಬೆರಳಿಗೆ ಒರಟೊರಟಾಗಿ ಸಿಗುತ್ತದೆ. ನಿಮ್ಮಣ್ಣ ಮೂಸಿ ನೋಡಿ ‘ತಿನ್ನೋ ಹಾಗಿದೆ’ ಎಂದರು. ಅವರಿಗೆ ಊಟ ತಡವಾಗಿತ್ತು.

ಶಾಲೆಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಬಸ್ ನಿಲ್ದಾಣದ ಹಿಂದಿನ ಬೀದಿಯ ಹಳದಿ ಕಟ್ಟಡ. ಗ್ರಂಥಾಲಯವೆಂದರೆ ಮೆಟ್ಟಿಲ ಕೆಳಗಿನ ಕೋಣೆ, ಒಂದು ಮೇಜು, ಗಾಜಿನ ಬಾಗಿಲಿನ ಒಂದು ಬೀರು. ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಮೇಷ್ಟ್ರು. ಇಡೀ ಶಾಲೆ ಅವರನ್ನು ಬೀರು ಮೇಷ್ಟ್ರು ಎನ್ನುತ್ತದೆ. ಬೀರು ಇದೆ, ನಗೆ ಮಾತ್ರ ಬೀರುವುದಿಲ್ಲ. ಆದರೆ ಮನುಷ್ಯ ಬಂಗಾರ. ‘ಚಿಂತೆ ಬಿಡಿ ಮೇಡಂ, ಒಂದು ಗೀರು ಬೀಳದ ಹಾಗೆ ನೋಡ್ಕೋತೀನಿ’ ಎಂದರು. ನನ್ನ ಎದೆ ಹಗುರಾಯಿತು.

ನಿನ್ನ ಅತ್ತಿಗೆ

ಜುಲೈ ೧೪

ಅತ್ತಿಗೆ,

ಹೊಗಳಿಕೆ ತಲುಪಿತು. ಬಾಗಿಲಿನ ಚೌಕಟ್ಟು ಅಗಲ ಮಾಡಿಸುತ್ತಿದ್ದೇನೆ.

ನೀವು ಗೆದ್ದೇ ಗೆಲ್ಲುತ್ತೀರಿ. ಒಂದು ಪುಸ್ತಕವೂ ಕೊಂಕುವುದಿಲ್ಲ, ಬರೆದಿಟ್ಟುಕೊಳ್ಳಿ. ಅಣ್ಣನಿಗೆ ಹೇಳಿ, ಮುಂದಿನ ನಾಲ್ಕರ ಚಿತ್ರ ಬೇಗ ಬೇಗ ಬರೆಯಲಿ. ಬೇಕಾದರೆ ಮಲಗಿಕೊಂಡೇ ಬರೆಯಲಿ.

ಕೆಲಸ ಜಾಸ್ತಿ, ಕಾಗದ ಚಿಕ್ಕದು.

ನಿಮ್ಮ ಮೈದುನ

ಸೆಪ್ಟೆಂಬರ್ ೧೨

ಮೈದುನನಿಗೆ,

ಕುಣಿಯುವಂಥ ಸುದ್ದಿ. ದೊಡ್ಡ ಮೇಡಂ ಶಾಲೆಗೆ ಹೋಗಿ ನೋಡಿಬಂದರಂತೆ. ಫೋನಿನಲ್ಲಿ ‘ಏನ್ರೀ ಇದು, ಅಂಗಡಿಯಿಂದ ಈಗ ತಂದ ಹಾಗಿವೆ! ಯಾವ ಮಂತ್ರ ಹಾಕಿದ್ರಿ?’ ಎಂದು ಕೇಳಿದರು. ಮಂತ್ರವಲ್ಲ ಮೇಡಂ, ದಾರ ಎಂದೆ. ನಿಮ್ಮಣ್ಣ ಜೇಡದ ಪುಸ್ತಕದ ಚಿತ್ರಕ್ಕೆ ಕೂತರು. ಎಂಟು ಕಾಲೂ ಇವತ್ತೇ ಮುಗಿಸುತ್ತಾರಂತೆ.

ಒಂದು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಮಳೆ ಬರುತ್ತದೆಂದರೆ ಬರುವುದಿಲ್ಲವೆಂದು ಬಾಜಿ ಕಟ್ಟುವವನು ನೀನು. ಈ ಸಲ ಜುಲೈಯಲ್ಲೇ ನನ್ನ ಕಡೆ ವಾಲಿದೆಯಲ್ಲ, ನನ್ನ ಮಾತು ನಿನ್ನ ತಲೆಗೆ ಹೋಯಿತೆಂದು ಹಿಗ್ಗಲೇ?

ಮುಂದಿನ ವಾರ ಶಾಲೆಗೆ ಹೋಗುತ್ತೇನೆ. ಮಕ್ಕಳು ಮಾವನ ಬಗ್ಗೆ ಏನೆನ್ನುತ್ತಾರೋ ಅವರ ಬಾಯಲ್ಲೇ ಕೇಳಬೇಕು.

ನಿನ್ನ ಅತ್ತಿಗೆ

ಸೆಪ್ಟೆಂಬರ್ ೧೯

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಮಕ್ಕಳನ್ನು ಕೇಳಿದೆ. ‘ಕೆಳಮನೆ ಮಾವ ಓದಿದ್ರಾ?’ ಒಬ್ಬಳು ಹುಡುಗಿ ‘ನಮ್ಮನೇಲಿ ಮೇಲ್ಮನೆ ಅತ್ತೆ ಇದ್ದಾರೆ’ ಎಂದಳು. ಬೇರಾರೂ ಅಷ್ಟನ್ನೂ ಹೇಳಲಿಲ್ಲ. ಮೆಟ್ಟಿಲ ಕೆಳಗೆ ಹೋದೆ. ಬೀರು ಮೇಷ್ಟ್ರು ಗಾಜಿನ ಬಾಗಿಲು ತೆರೆದರು. ಸಾಲಾಗಿ ನಿಂತಿದ್ದವು ನಮ್ಮ ಪುಸ್ತಕಗಳು, ಒಂದೊಂದೂ ಪ್ಲಾಸ್ಟಿಕ್ ಅಂಗಿ ತೊಟ್ಟು, ಮದುವೆ ಗಂಡಿನ ಹಾಗೆ ಮಿರಮಿರ ಮಿಂಚುತ್ತ.

‘ಇದೇನು ಮೇಷ್ಟ್ರೇ?’

‘ನಿಮ್ಮ ಕಡೆಯೋರೇ ಕಳಿಸಿದ್ರಲ್ಲ ಮೇಡಂ, ಕವರುಗಳನ್ನ. ಅಳತೆಗೆ ಸರಿಯಾಗಿ ಹೊಲಿಸಿದ ಹಾಗಿತ್ತು. ಎಷ್ಟು ಅಚ್ಚುಕಟ್ಟು ನಿಮ್ಮೋರು!’

‘ಮಕ್ಕಳಿಗೆ ಓದೋಕೆ ಕೊಟ್ಟಿಲ್ವಾ?’

‘ಮಕ್ಕಳಿಗಾ?’ ಅವರು ನನ್ನನ್ನು ಮರುಕದಿಂದ ನೋಡಿದರು. ‘ಪಂಥ ಮುಗೀಲಿ ಮೇಡಂ. ಈಗಲೇ ಕೊಟ್ರೆ ಸೋತುಬಿಡ್ತೀರಿ.’

ಮೈದುನ, ಆ ಮನುಷ್ಯ ಕೆಟ್ಟವರಲ್ಲ. ನನ್ನ ಪುಸ್ತಕವನ್ನು ಕಾಪಾಡುವುದೆಂದರೆ ಮಕ್ಕಳಿಂದ ಕಾಪಾಡುವುದೆಂದು ತಿಳಿದಿದ್ದಾರೆ. ನಿನಗೆ ಆ ನೆಪವೂ ಇಲ್ಲ. ಅಳತೆಗೆ ಸರಿಯಾಗಿ ಕವರು ಕತ್ತರಿಸಬಲ್ಲವನು ಆ ಪುಸ್ತಕ ಕತ್ತರಿಸಿದವನೇ. ಜುಲೈಯಲ್ಲಿ ನಿನಗೆ ಬಂದದ್ದು ನಂಬಿಕೆಯಲ್ಲ, ಪಾರ್ಸಲ್ ಕಳಿಸಿದ ರಸೀತಿ.

ಮೇಷ್ಟ್ರು ಮತ್ತು ನಾನು ನೆಲದಲ್ಲಿ ಕೂತು ಕವರುಗಳನ್ನೆಲ್ಲ ಬಿಚ್ಚಿದೆವು. ಪ್ರತಿಯೊಂದಕ್ಕೂ ಅವರ ಮುಖ ಸಣ್ಣಗಾಗುತ್ತಿತ್ತು, ಚಳಿಯಲ್ಲಿ ಕೂಸಿನ ಕುಲಾವಿ ಕಿತ್ತವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು. ಅಲ್ಲಿಂದಲೇ ದೊಡ್ಡ ಮೇಡಂಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ‘ನೀವು ಸುಮ್ನಿದ್ದಿದ್ರೆ ನಾನು ರುಜು ಹಾಕ್ತಿದ್ದೆ, ಗೊತ್ತಾ?’ ಎಂದರು. ಗೊತ್ತು, ಅದಕ್ಕೇ ಸುಮ್ಮನಿರಲಾಗಲಿಲ್ಲ ಎಂದೆ. ಪಂಥ ಮೊದಲಿನಿಂದ ಶುರು. ಮಾರ್ಚ್‌ನಲ್ಲಿ ತೀರ್ಮಾನ.

ಕವರುಗಳನ್ನು ಹಿಂದಕ್ಕೆ ಕಳಿಸಿದ್ದೇನೆ. ನಮ್ಮ ಕೆಳಮನೆ ಮಾವ ಅವನ್ನು ತಿನ್ನುವುದಿಲ್ಲ. ನೀನೇ ತಿನ್ನು.

ಅತ್ತಿಗೆ

ಸೆಪ್ಟೆಂಬರ್ ೨೭

ಅತ್ತಿಗೆಯವರಿಗೆ,

ಪಾರ್ಸಲ್ ಬಂತು. ತಿಂದಿಲ್ಲ.

ಗೆದ್ದ ಆಟವನ್ನು ಎದ್ದುಹೋಗಿ ಸೋತುಬಂದವರನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ. ನಾನು ಕಳಿಸಿದ್ದು ತೆಗೆದು ಹಾಕಬಹುದಾದ ಕವರು. ನಿಮ್ಮ ಮುಖಪುಟಕ್ಕೆ ನಾನು ಏನನ್ನೂ ಅಂಟಿಸಿಲ್ಲ. ನಿಮ್ಮ ಪಂಥ ಗೆದ್ದು, ನಾಲ್ಕು ಪುಸ್ತಕ ಮಕ್ಕಳ ಕೈ ಸೇರಿದ ಮೇಲೆ ಅವನ್ನು ಕಿತ್ತೆಸೆದಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತು? ನೀವು ಮಣ್ಣನ್ನು ಕಾಪಾಡುತ್ತೀರಿ. ನಾನು ಅಣ್ಣನನ್ನು ಏಣಿಯಿಂದ ಕಾಪಾಡಲು ಹೊರಟೆ.

ನಿಮ್ಮ ನಾಲ್ಕು ಪುಸ್ತಕಕ್ಕೆಂದು ಕಾಗದ ತರಿಸಿಯಾಗಿದೆ. ಅಚ್ಚುಮನೆಯಲ್ಲಿ ನಡೆದಾಡಲು ಜಾಗವಿಲ್ಲ. ಪಕ್ಕಪಕ್ಕಕ್ಕೆ ಏಡಿಯ ಹಾಗೆ ನಡೆಯುತ್ತಿದ್ದೇನೆ. ಮುಂದಿನ ಪುಸ್ತಕ ಏಡಿಯ ಮೇಲೆ ಬರೆಯುವುದಾದರೆ ಅಣ್ಣ ಬಂದು ನೋಡಿಕೊಂಡು ಹೋಗಲಿ.

ಮೈದುನ

ನವೆಂಬರ್ ೨೦

ಮಾನ್ಯ ಮುದ್ರಕರಿಗೆ,

ತಮ್ಮಲ್ಲಿ ಅಚ್ಚಾದ ‘ಕೆಳಮನೆ ಮಾವ’ ಪುಸ್ತಕದ ಹಲವು ಪ್ರತಿಗಳಲ್ಲಿ ಮೊದಲ ಫಾರಂ, ಅಂದರೆ ಮೊದಲ ಹದಿನಾರು ಪುಟಗಳ ಕಂತೆ, ಬೆನ್ನಿನಿಂದ ಕಿತ್ತು ಬರುತ್ತಿದೆ. ಮುಖಪುಟದ ಬಗ್ಗೆ ದೂರಿಲ್ಲ. ಅದು ಕೊಳೆಯಾಗಿದೆ, ಮೂಲೆ ಮಡಚಿದೆ, ಒಂದು ಪ್ರತಿಯ ಮೇಲೆ ಯಾರೋ ಎರೆಹುಳವನ್ನೇ ಕೂರಿಸಿ ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದಿದ್ದಾರೆ, ಆದರೂ ಹರಿದಿಲ್ಲ. ಬೆನ್ನು ಮಾತ್ರ ಕೈಕೊಡುತ್ತಿದೆ. ಕಾರಣ ತಿಳಿಸುವುದು.

ತಮ್ಮ ಮಾಹಿತಿಗೆ: ಮಕ್ಕಳು ಪುಸ್ತಕವನ್ನು ಶಾಲೆಯ ಹಿಂದಿನ ತೋಟಕ್ಕೆ ಒಯ್ಯುತ್ತಾರೆ. ನೆಲದ ಮೇಲೆ ಬಿಡಿಸಿ, ಪುಟ ಹಾರದಂತೆ ಕಲ್ಲಿಟ್ಟು, ಅಗೆಯುತ್ತಾರೆ. ಮಾವನ ಬಾಯಿ ಯಾವುದು, ಬಾಲ ಯಾವುದು ಎಂದು ಜಗಳವಾಡುತ್ತಾರೆ. ಮೊದಲ ವಾರ ಬೀರು ಮೇಷ್ಟ್ರು ತೋಟದ ಬಾಗಿಲಲ್ಲಿ ಎದೆ ಹಿಡಿದುಕೊಂಡು ನಿಂತಿರುತ್ತಿದ್ದರು. ಈಗ ಅವರೂ ಜಗಳದಲ್ಲಿದ್ದಾರೆ. ಅವರು ಬಾಲದ ಪಕ್ಷ.

ಇಂತಿ,
ಪ್ರಕಾಶಕರು

ನವೆಂಬರ್ ೨೮

ಮಾನ್ಯ ಪ್ರಕಾಶಕರಿಗೆ,

ತಮ್ಮ ಪತ್ರ ತಲುಪಿ, ಸದರಿ ವಿಷಯವನ್ನು ಪರಿಶೀಲಿಸಲಾಗಿ...

ಅತ್ತಿಗೆ, ನನಗೆ ಈ ಭಾಷೆ ಬರುವುದಿಲ್ಲ. ನೀವು ನನ್ನನ್ನು ‘ತಾವು’ ಎಂದದ್ದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಕಾರಣ ಹೇಳುತ್ತೇನೆ. ಹೊಲಿದ ಪುಸ್ತಕದ ಬೆನ್ನಿಗೆ ಒಂದು ಬಟ್ಟೆಪಟ್ಟಿ ಹಾಕಬೇಕು. ಪುಸ್ತಕವನ್ನು ಅಗಲಿಸಿದಾಗ ಭಾರವೆಲ್ಲ ಮೊದಲ ಫಾರಮ್ಮಿನ ಮೇಲೆ ಬೀಳುತ್ತದೆ, ಪಟ್ಟಿ ಅದನ್ನು ಹಿಡಿದುಕೊಳ್ಳುತ್ತದೆ. ನಾನು ಹಾಕಲಿಲ್ಲ. ಮರೆತದ್ದಲ್ಲ. ಹೊಲಿಯುವಾಗಲೇ ನನ್ನ ತಲೆಯಲ್ಲಿ ಕವರಿತ್ತು. ಹೇಗೂ ಅಂಗಿ ತೊಡಿಸುತ್ತೇನೆ, ಅಂಗಿಯೇ ಬೆನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪಟ್ಟಿ ಯಾಕೆಂದು ಬಿಟ್ಟೆ. ನಿಮ್ಮ ಪುಸ್ತಕ ಬರಿಮೈಯಲ್ಲಿ ಬಾಳಬಲ್ಲದೆಂದು ನಾನು ಒಂದು ಗಳಿಗೆಯೂ ನಂಬಿರಲಿಲ್ಲ. ನಂಬದವನ ಕೈಯಲ್ಲಿ ಅದು ಬಾಳದ ಹಾಗೆಯೇ ತಯಾರಾಯಿತು. ಮಕ್ಕಳ ಕೈ ಕೈಕೊಟ್ಟಿಲ್ಲ ಅತ್ತಿಗೆ. ಕೈಕೊಟ್ಟದ್ದು ನನ್ನ ಕೈ.

ಅಪ್ಪಣೆ ಕೊಟ್ಟರೆ ನಾಳೆಯೇ ಸೂಜಿ ದಾರ ಪಟ್ಟಿ ಹಿಡಿದು ಬರುತ್ತೇನೆ. ಒಂದೇ ದಿನದಲ್ಲಿ ಎಲ್ಲವನ್ನೂ ರಿಪೇರಿ ಮಾಡಿ, ಯಾರಿಗೂ ಕಾಣದ ಹಾಗೆ ಹೊರಟುಬಿಡುತ್ತೇನೆ.

ನಿಮ್ಮ ಮೈದುನ

ಡಿಸೆಂಬರ್ ೯

ಮೈದುನನಿಗೆ,

ಬರಬೇಡ. ‘ಯಾರಿಗೂ ಕಾಣದ ಹಾಗೆ’ ಎಂಬುದೇ ನಿನ್ನ ಕಾಯಿಲೆ. ಕದ್ದು ತೊಡಿಸಿದ ಅಂಗಿ ಬಿಚ್ಚಿಸಿದ್ದೇನೆ, ಕದ್ದು ಕಟ್ಟುವ ಪಟ್ಟಿಯೂ ಬೇಡ.

ನಿನ್ನ ಪತ್ರಗಳನ್ನೆಲ್ಲ ನಿಮ್ಮಣ್ಣನಿಗೆ ಓದಿ ಹೇಳಿದೆ. ಏಣಿಯ ಮಾತು ಬಂದಾಗ ಕುಂಚ ಕೆಳಗಿಟ್ಟರು. ‘ನಾನು ಬಿದ್ದದ್ದು ಏಣಿಯಿಂದ. ಅವನು ಯಾಕೆ ಇಷ್ಟು ವರ್ಷ ಬೀಳ್ತಾನೇ ಇದ್ದಾನೆ?’ ಎಂದರು. ಆಮೇಲೆ, ‘ಬೇಕಾದ್ರೆ ನಾಳೆ ಮತ್ತೆ ಏಣಿ ಹತ್ತೇನು, ಪ್ಲಾಸ್ಟಿಕ್ ಸುತ್ತಿದ ಮಾವನ್ನ ಮಾತ್ರ ಬರೀಲಾರೆ’ ಎಂದರು. ನಾನು ಹೇಳಿಕೊಟ್ಟದ್ದಲ್ಲ. ಬೇಕಾದರೆ ಫೋನ್ ಮಾಡಿ ಕೇಳು, ಮೆಷಿನ್ ನಿಲ್ಲಿಸಿ.

ದೊಡ್ಡ ಮೇಡಂಗೂ ವಿಷಯ ತಿಳಿಸಿದೆ. ಶಾಲೆಯವರು ತಮ್ಮ ಕೈಯಾರೆ ರಿಪೇರಿ ಮಾಡಿಕೊಂಡರೆ ಅಡ್ಡಿಯಿಲ್ಲವಂತೆ, ಆದರೆ ಕಿತ್ತದ್ದನ್ನು ಕಿತ್ತದ್ದೆಂದೇ ಎಣಿಸುತ್ತಾರಂತೆ. ಹಾಗೇ ಆಗಲಿ. ಹೊಲಿಯುವುದು ಹೇಗೆಂದು ಮಕ್ಕಳಿಗೆ ಅರ್ಥವಾಗುವ ಹಾಗೆ ಬರೆದು ಕಳಿಸು. ಶ್ಲೇಷೆ ಬೇಡ, ಸೂಜಿ ಚುಚ್ಚೀತು.

ನಿನ್ನ ಅತ್ತಿಗೆ

ಮಾರ್ಚ್ ೧೬

ಮೈದುನನಿಗೆ,

ಮೊದಲೇ ಹೇಳಿಬಿಡುತ್ತೇನೆ: ಸೋತೆವು.

ಹೋದ ವಾರ ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ದೊಡ್ಡ ಮೇಡಂ ಒಂದೊಂದೇ ಪುಸ್ತಕ ತೆಗೆದು ಎರಡು ರಾಶಿ ಮಾಡಿದರು. ಮುಖಪುಟಗಳನ್ನು ನೀನು ನೋಡಬೇಕಿತ್ತು. ತಿಂಗಳುಗಟ್ಟಲೆ ಬೆವರು, ಮಣ್ಣು, ಎಣ್ಣೆ ಕುಡಿದು ಹಳೇ ಬಟ್ಟೆಯಂತೆ ಮೆತ್ತಗಾಗಿವೆ, ಆದರೆ ಒಂದೂ ಸೀಳಿಲ್ಲ. ಬೆನ್ನು ಕಿತ್ತವುಗಳೇ ಪಕ್ಕದ ರಾಶಿಗೆ ಹೋದವು, ಮಕ್ಕಳು ಹೊಲಿದವೂ ಸೇರಿ. ಮಕ್ಕಳ ಹೊಲಿಗೆ ನೆಟ್ಟಗಿಲ್ಲ. ಎರೆಹುಳ ನಡೆದ ಹಾಗೆ ಹೋಗಿದೆ. ಆದರೆ ಹೊಲಿದ ಮೇಲೆ ಒಂದೂ ಮತ್ತೆ ಕಿತ್ತಿಲ್ಲ. ಹತ್ತರಲ್ಲಿ ಎಂಟು ಉಳಿಯಬೇಕಿತ್ತು, ಏಳು ಉಳಿದವು.

ಮೇಡಂ ಕನ್ನಡಕ ತೆಗೆದರು. ‘ತಪ್ಪು ಬೆನ್ನಿಂದು, ಮುಖದ್ದಲ್ಲ. ನನಗೂ ಕಾಣುತ್ತೆ. ಆದರೆ ನಮ್ಮ ಮಾತಿನಲ್ಲಿ ಬೆನ್ನು ಮುಖ ಅಂತ ಬೇರೆ ಮಾಡಿರಲಿಲ್ಲ. ಎಲ್ಲಾ ಶಾಲೆಗೂ ಅಂತ ರುಜು ಹಾಕೋಕಾಗಲ್ಲ.’ ಮತ್ತೆ ‘ಈಗಲೂ ಕೇಳ್ತೀನಿ, ಲ್ಯಾಮಿನೇಷನ್ ಮಾಡ್ಸಿ. ನಾಲ್ಕಕ್ಕೂ ಇಲ್ಲೇ ಹಾಕ್ತೀನಿ’ ಎಂದರು. ಪೆನ್ನಿನ ಮುಚ್ಚಳ ಬಿಚ್ಚಿಯೇ ಹಿಡಿದಿದ್ದರು.

ನಾನು ಜೊತೆಗೆ ಬಂದಿದ್ದ ನಿಮ್ಮಣ್ಣನ ಮುಖ ನೋಡಿದೆ. ಅವರು ಚಾವಣಿ ನೋಡುತ್ತಿದ್ದರು, ಯಾವ ಬಣ್ಣ ಹೊಡೆಯಲಿ ಎನ್ನುವಂತೆ. ಬೇಡ ಮೇಡಂ ಎಂದೆ. ಒಂದೇ ಸಲ ಹೇಳಿದೆ, ಸಾಕಾಯಿತು.

ಅಷ್ಟರಲ್ಲಿ ಬೀರು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ‘ಎಲ್ಲಾ ಶಾಲೆಗೆ ಬೇಡಾಂದ್ರೆ ಬೇಡ ಮೇಡಂ. ನಮ್ಮ ಶಾಲೆಗೆ ಜೇಡದ್ದು ಬೇಕಲ್ಲ? ಮಾವ ಮುಗೀತು, ಮುಂದೇನು ಅಂತ ಈ ಮಕ್ಕಳು ನನ್ನ ಪ್ರಾಣ ತಿಂತಿದ್ದಾವೆ. ಪಕ್ಕದ ಶಾಲೆಯೋರು ಮಾವನ್ನ ಎರವಲು ಒಯ್ದು, ಎಣಿಕೆ ಅಂತ ನಿನ್ನೆ ತಾನೇ ವಾಪಸ್ ಕೊಟ್ರು, ಅವರಿಗೂ ಬೇಕಂತೆ. ನಾವೇ ಕೊಂಡ್ಕೊಂಡ್ರೆ ತಮ್ಮ ಅಡ್ಡಿ ಇದೆಯಾ?’

‘ನನ್ನದೇನು ಅಡ್ಡಿ? ಆದ್ರೆ ಎರಡು ಶಾಲೆಗೆ ಅಚ್ಚು ಹಾಕಿದ್ರೆ ಇವರಿಗೆ ಗಿಟ್ಟುತ್ತಾ?’

‘ಮೂರನೇ ಶಾಲೆಗೆ ನಾನು ನಾಳೆ ಹೋಗ್ತೀನಿ’ ಎಂದೆ. ‘ನಾಲ್ಕನೇದಕ್ಕೆ ನಾಡಿದ್ದು.’

ಆ ಮಾತು ಬಾಯಿಂದ ಬಂದ ಮೇಲೆಯೇ ನನಗೂ ತಿಳಿದದ್ದು, ನಾನು ಸೋತದ್ದು ಆ ಪಂಥವನ್ನಷ್ಟೇ. ಈವರೆಗೆ ಆರು ಶಾಲೆ ಸುತ್ತಿದ್ದೇನೆ. ಎಲ್ಲಿ ಹೋದರೂ ಕೊಳೆಯಾದ ಮಾವನನ್ನೇ ಮೇಜಿನ ಮೇಲಿಡುತ್ತೇನೆ, ಹೊಸ ಪ್ರತಿ ತೋರಿಸುವುದಿಲ್ಲ. ಮೂರು ಶಾಲೆಯವರು ನಕ್ಕು ಕಳಿಸಿದರು. ಮೂರು ಶಾಲೆಯವರು ಬೇಕೆಂದರು. ಬೇಕೆಂದವರಿಗೆಷ್ಟೋ ಅಷ್ಟೇ ಅಚ್ಚು ಹಾಕೋಣ. ಮಂಚದ ಕೆಳಗೆ ಇನ್ನು ಜಾಗವಿಲ್ಲ. ನಿಮ್ಮಣ್ಣ ವಾರಕ್ಕೆರಡು ದಿನ ಅದೇ ಶಾಲೆಗಳಲ್ಲಿ ಚಿತ್ರ ಕಲಿಸಲು ಒಪ್ಪಿದ್ದಾರೆ, ನೆಲದ ಮೇಲೆ ನಿಂತುಕೊಂಡು.

ಜೇಡದ ಪುಸ್ತಕದ ಚಿತ್ರ ಈ ಕಟ್ಟಿನಲ್ಲಿದೆ. ಕಾಗದ ನಿನ್ನ ಹತ್ತಿರ ಬೇಕಾದಷ್ಟಿದೆಯೆಂದು ಬಲ್ಲೆ. ಒಂದೇ ಪ್ರಶ್ನೆ, ಹೌದೋ ಅಲ್ಲವೋ ಹೇಳು: ಈ ಸಲ ನಂಬಿ ಹೊಲಿಯುತ್ತೀಯಾ? ಇಲ್ಲವಾದರೆ ಬೇರೆ ಅಚ್ಚುಮನೆ ನೋಡುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ.

ನಿನ್ನ ಅತ್ತಿಗೆ

ಮಾರ್ಚ್ ೨೨

ಅತ್ತಿಗೆ,

ಹೌದು.

ಇಷ್ಟೇ ಬರೆದು ನಿಲ್ಲಿಸಬೇಕೆಂದಿದ್ದೆ. ನನ್ನವಳು ‘ಒಂದು ಪದಕ್ಕೆ ಒಂದು ಹಾಳೆ ಹಾಳು ಮಾಡಿದ್ರೆ ಅಕ್ಕ ನಿಮ್ಮನ್ನ ಬಿಡ್ತಾರಾ?’ ಎಂದಳು. ಆದ್ದರಿಂದ ಹಾಳೆ ತುಂಬಿಸುತ್ತಿದ್ದೇನೆ.

ಜೇಡದ ಪುಸ್ತಕದ ಮೊದಲ ಪ್ರತಿ ಹೊಲಿದು, ಬೆನ್ನಿಗೆ ಪಟ್ಟಿ ಕೊಟ್ಟು, ಮನೆಯ ಎರಡು ಜೊತೆ ಕೈಗಳಿಗೆ ಒಪ್ಪಿಸಿದೆ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ. ಮಗಳು ಪುಸ್ತಕವನ್ನು ಹಿಂದಕ್ಕೆ ಮಡಚಿದಳು. ಮಗ ಅದರ ಮೇಲೆ ಕೂತ. ಆಮೇಲೆ ಇಬ್ಬರೂ ಅದನ್ನು ಹಿಡಿದುಕೊಂಡು ಅಚ್ಚುಮನೆಯ ಮೂಲೆಮೂಲೆಯಲ್ಲಿ ಜೇಡ ಹುಡುಕುತ್ತ ಹೋದರು. ಇಷ್ಟು ವರ್ಷ ಅದೇ ಮೂಲೆಗಳನ್ನು ಪೊರಕೆ ಹಿಡಿದು ಮಾತ್ರ ನೋಡಿದ್ದೇನೆ ಅತ್ತಿಗೆ. ಮೆಷಿನ್ನಿನ ಹಿಂದೆ ಮೂರು ಬಲೆಗಳಿವೆ. ಒಂದು ಅಣ್ಣನ ಚಿತ್ರದಲ್ಲಿರುವ ಹಾಗೆಯೇ ಇದೆ. ಗುಡಿಸಬೇಡಿ ಎಂದು ಕೆಲಸದವರಿಗೆಲ್ಲ ಹೇಳಿದ್ದೇನೆ, ಅವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ.

ಪುಸ್ತಕ ಸಂಜೆ ವಾಪಸ್ ಬಂತು. ಕೊಳೆಯಾಗಿತ್ತು. ಬೆನ್ನು ಗಟ್ಟಿಯಾಗಿತ್ತು.

ನೀವು ಹೇಳಿದಷ್ಟೇ ಪ್ರತಿ ಹಾಕುತ್ತೇನೆ, ಒಂದೂ ಹೆಚ್ಚಿಲ್ಲ. ಪಾರ್ಸಲ್ ಕಳಿಸುವುದಿಲ್ಲ. ನಾನೇ ಹೊತ್ತು ತರುತ್ತೇನೆ, ಎಲ್ಲರಿಗೂ ಕಾಣುವ ಹಾಗೆ. ಮಕ್ಕಳ ಕೈಗೆ ಕೊಟ್ಟು, ಅವರು ಅದನ್ನು ತೋಟಕ್ಕೊಯ್ದು ಏನೇನು ಮಾಡುತ್ತಾರೋ ಅದನ್ನೆಲ್ಲ ನಿಂತು ನೋಡುತ್ತೇನೆ. ನಡುವೆ ಕೈ ಚಾಚಿ ಪುಸ್ತಕ ಕಿತ್ತುಕೊಳ್ಳಲು ಹೋದರೆ ನೀವೂ ಬೀರು ಮೇಷ್ಟ್ರೂ ಆ ಕಡೆ ಈ ಕಡೆ ನನ್ನ ಕೈ ಹಿಡಿದುಕೊಳ್ಳಿ.

ನಿಮ್ಮ ಮೈದುನ